ಎದುರು ಕೂತು ಕಲಿತ ಕೈ

ಸಿರಿಂಜು ಕುದಿಸುವ ಸೀಮೆಎಣ್ಣೆ ಸ್ಟೋವು ಅಂದು ಬೆಳಿಗ್ಗೆಯೇ ಮುನಿಸಿಕೊಳ್ಳಬಹುದಿತ್ತು. ಸ್ಟೋವು ಹತ್ತಿದರೂ ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜು ಟಪ್ಪೆಂದು ಸೀಳಿಹೋಗಬಹುದಿತ್ತು. ಪರೀಕ್ಷೆ ಮಾಡಲು ಬರುತ್ತಿದ್ದ ಮೇಟ್ರನ್‌ಬಾಯಿಯ ಬಸ್ಸು ಹಳದೀಪುರದ ಹತ್ತಿರ ಕೆಟ್ಟು ನಿಂತು, ಅವರು ಬಿಸಿಲಲ್ಲಿ ಬೆಂದು ಸಿಟ್ಟಿನಿಂದಲೇ ಬಂದಿಳಿಯಬಹುದಿತ್ತು. ಬಸ್ಸು ಕೆಡದೆ ಅವರು ಬೇಗನೇ ಬಂದು, ನಾವಿನ್ನೂ ಬೆಡ್‌ಪ್ಯಾನ್ ತೊಳೆಯುತ್ತಿರುವಾಗ ಬಾಗಿಲಲ್ಲಿ ನಿಲ್ಲಬಹುದಿತ್ತು. ನಮ್ಮ ಹಿರಿಯ ನರ್ಸು ದೊಡ್ಡಕ್ಕನಿಗೆ ಕಲಿತ ಅಕ್ಷರವೆಲ್ಲ ಒಮ್ಮೆಗೇ ಮರೆತುಹೋಗಬಹುದಿತ್ತು. ಅಕ್ಷರ ನೆನಪಿದ್ದು, ಕೈ ಮರೆಯಬಹುದಿತ್ತು; ಬಲಗೈಯಲ್ಲಿ ಮಾಡಬೇಕಾದ್ದನ್ನು ಅವರು ಎಡಗೈಯಲ್ಲಿ ಶುರುಮಾಡಬಹುದಿತ್ತು. ಬ್ಯಾಂಡೇಜು ಕಟ್ಟಿಸಿಕೊಳ್ಳಲು ಒಪ್ಪಿದ್ದ ತೆಂಗಿನಕಾಯಿ ಕೊಯ್ಯುವವನು ಬಾರದೇ ಹೋಗಬಹುದಿತ್ತು. ಬಂದರೆ, ಅವನ ಕಾಲು ಆಗಲೇ ವಾಸಿಯಾಗಿದೆಯೆಂಬ ಗುಟ್ಟು ರಟ್ಟಾಗಬಹುದಿತ್ತು. ಕಿಟಕಿಯಿಂದ ಕಾಗೆ ಬಂದು ಹತ್ತಿ ಹೊತ್ತೊಯ್ಯಬಹುದಿತ್ತು, ಹಿಂದೊಮ್ಮೆ ಒಯ್ದಿತ್ತು.

ಹೀಗೆ ಹದಿನೇಳು ಚಿಂತೆಗಳನ್ನು ನಾನು ಹಳೆಯ ಜ್ವರದ ಚಾರ್ಟಿನ ಹಿಂಬದಿಯಲ್ಲಿ ನಂಬರು ಹಾಕಿ ಬರೆದಿಟ್ಟಿದ್ದೆ. ಕುಮಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಇನ್ನೊಬ್ಬ ನರ್ಸು ಅದನ್ನು ಪೂರ್ತಿ ಓದಿ, "ಭೂಕಂಪ ಒಂದು ಬಿಟ್ಟುಹೋಯ್ತಲ್ಲೇ ಮಾರಾಯ್ತಿ" ಎಂದಳು. ಅವಳು ಅತ್ತ ಹೋದ ಮೇಲೆ ಅದನ್ನೂ ಸೇರಿಸಿದೆ.

ಎಪ್ಪತ್ತರ ದಶಕದ ಕೊನೆ ಅದು. ಹೊನ್ನಾವರದಲ್ಲಿ ಆಗ ಇದ್ದ ಒಂದು ಸಣ್ಣ ಖಾಸಗಿ ಆಸ್ಪತ್ರೆ; ಹನ್ನೆರಡು ಮಂಚ, ಒಬ್ಬರು ಡಾಕ್ಟರು, ಮೂವರು ನರ್ಸುಗಳು. ನಾನು ಶಿರಾಲಿಯ ಕಿರಾಣಿ ಅಂಗಡಿಯವರ ಮಗಳು. ಹುಬ್ಬಳ್ಳಿಯಲ್ಲಿ ಮೂರೂವರೆ ವರ್ಷ ಕಲಿತು, ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ, ಟ್ರಂಕಿನಲ್ಲಿ ಸೀರೆಗಳ ನಡುವೆ ಅದನ್ನಿಟ್ಟುಕೊಂಡು ಬಂದಿದ್ದೆ. ದಾರಿಯಲ್ಲಿ ಅದರ ಗಾಜು ಒಡೆದೀತೆಂದು ಟ್ರಂಕನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಕಾಲು ಜೋಮು ಹಿಡಿದು, ಬಸ್ಸಿನಿಂದ ಇಳಿಯುವಾಗ ಮುಗ್ಗರಿಸಿದೆ. ಗಾಜು ಆಗಲೇ ಒಡೆಯಿತು.

ದೊಡ್ಡಕ್ಕ ಭಟ್ಕಳದ ಹತ್ತಿರದ ತೆಂಗಿನಗುಂಡಿಯವರು. ಮೀನುಗಾರರ ಮನೆ. ಎಳೆಯ ಪ್ರಾಯದಲ್ಲೇ ಗಂಡ ತೀರಿಕೊಂಡ ಮೇಲೆ ಈ ಆಸ್ಪತ್ರೆಗೆ ನೆಲ ಒರೆಸುವ ಆಯಾ ಆಗಿ ಸೇರಿದವರು, ಆಗ ಇದ್ದ ನರ್ಸೊಬ್ಬರ ಬೆನ್ನು ಬಿಡದೆ ಒಂದೊಂದೇ ಕೆಲಸ ಕಲಿತು, ಹದಿನೆಂಟು ವರ್ಷಗಳಿಂದ ಬಿಳಿ ಸೀರೆ ಉಟ್ಟು ನರ್ಸೇ ಆಗಿಬಿಟ್ಟಿದ್ದರು. ಸರ್ಟಿಫಿಕೇಟು ಮಾತ್ರ ಇರಲಿಲ್ಲ. ರೋಗಿಗಳು ನಮ್ಮನ್ನೆಲ್ಲ ನರ್ಸುಗಳೆಂಬ ಗೌರವಕ್ಕೆ 'ಬಾಯಿ' ಎನ್ನುತ್ತಿದ್ದರು, ಅವರನ್ನು ಮಾತ್ರ ಡಾಕ್ಟರೂ ಸೇರಿ ಎಲ್ಲರೂ 'ದೊಡ್ಡಕ್ಕ' ಎನ್ನುತ್ತಿದ್ದರು.

ನಾನು ಬಂದ ಮೊದಲ ವಾರವೇ ನನ್ನ ಸರ್ಟಿಫಿಕೇಟಿನ ಬಂಡವಾಳ ಬಯಲಾಯಿತು. ವಾಂತಿಭೇದಿಯಿಂದ ಬಸವಳಿದ ಮುದುಕಿಯೊಬ್ಬಳಿಗೆ ನೀರು ಏರಿಸಬೇಕಿತ್ತು. ತೋಳಿನ ನರ ಎಲ್ಲೂ ಕಾಣುತ್ತಿಲ್ಲ. ನಾನು ಬಗ್ಗಿ ನೋಡಿದೆ, ದೀಪ ಹಿಡಿದು ನೋಡಿದೆ, ತೋಳನ್ನು ಇನ್ನಷ್ಟು ಬಿಗಿದೆ. ಮುದುಕಿಗಿಂತ ಹೆಚ್ಚು ಬೆವರು ನನಗೆ. ದೊಡ್ಡಕ್ಕ ಪಕ್ಕಕ್ಕೆ ಬಂದು ನಿಂತರು.

"ಕಣ್ಣು ಮುಚ್ಚು ತಂಗಿ."

"ಕಣ್ಣು ಮುಚ್ಚಿ ಸೂಜಿ ಚುಚ್ಚೂದಾ?"

"ಚುಚ್ಚೂಕೆ ಯಾರು ಹೇಳಿದ್ರು? ಹುಡುಕೂಕೆ ಹೇಳಿದ್ದು. ಕಣ್ಣಿಗೆ ಗಡಿಬಿಡಿ ಜಾಸ್ತಿ. ಬೆರಳಿಗೆ ಅಷ್ಟಿಲ್ಲ."

ಬೆರಳಿಟ್ಟು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದೆ. ಚರ್ಮದ ಕೆಳಗೆ ಒಂದು ಕಡೆ ಏನೋ ಪುಟಿದು ಮೇಲೆ ಬಂದಂತಾಯಿತು. ಕಣ್ಣು ಬಿಟ್ಟರೆ ಅಲ್ಲಿ ಏನೂ ಕಾಣದು; ಬೆರಳಿಗೆ ಮಾತ್ರ ಗೊತ್ತು. ಸೂಜಿ ಹೋಯಿತು, ರಕ್ತ ಬಂತು, ನೀರು ಏರಿತು. "ಆತಲ್ಲ" ಎಂದರು ದೊಡ್ಡಕ್ಕ, ಅದೇನೂ ದೊಡ್ಡ ಸಂಗತಿಯಲ್ಲ ಎಂಬಂತೆ.

ಊಟವಾದ ಮೇಲೆ ಮಧ್ಯಾಹ್ನ ಎರಡರಿಂದ ಮೂರು, ರೋಗಿಗಳು ಮಲಗಿದ ಹೊತ್ತು, ಹಿಂದಿನ ಜಗುಲಿಯಲ್ಲಿ ಮೇಜಿನ ಸುತ್ತ ಕೂತು ಗಾಯಕ್ಕಿಡುವ ಬಟ್ಟೆ ಕತ್ತರಿಸಿ ಮಡಚಿ ಡಬ್ಬಿಗೆ ತುಂಬುವುದು ನಮ್ಮ ಕೆಲಸ. ಅಲ್ಲಿ ದೊಡ್ಡಕ್ಕನದೊಂದು ಕಟ್ಟಳೆ ಇತ್ತು. ಬಟ್ಟೆ ಮಡಚುವಾಗ ಸರದಿಯಲ್ಲಿ ಒಬ್ಬೊಬ್ಬರು ತಾವು ಮಾಡಿದ ಒಂದು ತಪ್ಪನ್ನು ಹೇಳಬೇಕು. ಬೇರೆಯವರದ್ದು ಹೇಳುವಂತಿಲ್ಲ. "ಸರಿ ಮಾಡಿದ್ದನ್ನ ಎಲ್ರೂ ಹೇಳ್ತಾರೆ. ಅದ್ರಲ್ಲಿ ಕಲಿಯೂಕೆ ಎಂತ ಇದೆ?" ಎನ್ನುತ್ತಿದ್ದರು. ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತದೆ ಇಟ್ಟು ರೋಗಿಯ ಕಾಲಿಗೆ ಬೊಬ್ಬೆ ಬರಿಸಿದ್ದನ್ನು ಅವರೇ ಮೊದಲು ಹೇಳಿದ್ದರಂತೆ. ಕುಮಟೆಯವಳಂತೂ ತನ್ನ ತಪ್ಪುಗಳನ್ನು ನಾಟಕ ಮಾಡಿ ತೋರಿಸುತ್ತಿದ್ದಳು. ನನ್ನ ಸರದಿ ಬಂದರೆ ನಾನು ಇನ್ನೊಂದು ಡಬ್ಬಿ ತರುವ ನೆಪದಲ್ಲಿ ಎದ್ದುಬಿಡುತ್ತಿದ್ದೆ.

"ಇವಳಿಗೆ ತಪ್ಪು ಎಲ್ಲಿಂದ ಬರಬೇಕು ದೊಡ್ಡಕ್ಕ?" ಕುಮಟೆಯವಳು ಹೇಳುತ್ತಿದ್ದಳು. "ಥರ್ಮಾಮೀಟರ್ ಇಡುವ ಮೊದಲು ಮೂರು ಸಲ ನೋಡ್ತಾಳೆ, ತೆಗೆದ ಮೇಲೆ ಮೂರು ಸಲ ನೋಡ್ತಾಳೆ. ಅಷ್ಟರಲ್ಲಿ ಜ್ವರವೇ ಬಿಟ್ಟುಹೋಗ್ತದೆ."

"ಬರ್ತದೆ, ಬರ್ತದೆ. ಕಾಯುವಾ" ಎನ್ನುತ್ತಿದ್ದರು ದೊಡ್ಡಕ್ಕ.

ಅದೇ ಮೇಜಿನಲ್ಲಿ ಒಂದು ದಿನ ದೊಡ್ಡಕ್ಕ ತಮ್ಮ ಸರದಿಯಲ್ಲಿ ಮೊದಲು ಕೈಯಲ್ಲಿದ್ದ ಬಟ್ಟೆ ಕತ್ತರಿಸಿ ಮುಗಿಸಿದರು. ಆಮೇಲೆ ತಲೆ ಎತ್ತದೆ, "ನಂಗೆ ಇಂಗ್ಲಿಷ್ ಓದೂಕೆ ಬರೂದಿಲ್ಲ" ಎಂದರು.

ನಾವಿಬ್ಬರೂ ಕತ್ತರಿ ಕೆಳಗಿಟ್ಟೆವು. ಹದಿನೆಂಟು ವರ್ಷ ಔಷಧಗಳನ್ನು ಅವರು ಬಾಟಲಿಯ ಆಕಾರ, ಮೇಲೆ ಅಂಟಿಸಿದ ಚೀಟಿಯ ಬಣ್ಣ, ವಾಸನೆಗಳಿಂದ ಗುರುತಿಸುತ್ತಿದ್ದರು. ಸಂಶಯ ಬಂದರೆ "ಕನ್ನಡಕ ಮನೇಲಿ ಬಿಟ್ಟು ಬಂದೆ, ಇದೆಂತ ನೋಡು" ಎಂದು ನಮ್ಮ ಕೈಗೆ ಕೊಡುತ್ತಿದ್ದರು. ಅವರಿಗೆ ಕನ್ನಡಕವೇ ಇರಲಿಲ್ಲವೆಂದು ನಮಗೆ ಅಂದೇ ಗೊತ್ತಾದದ್ದು. ಒಮ್ಮೆಯೂ ಎಡವಟ್ಟಾಗಿರಲಿಲ್ಲ, ಕೇಳದೆ ಕೊಟ್ಟವರಲ್ಲ ಅವರು. ಆದರೆ ಈಗ ಕಂಪನಿಯವರು ಚೀಟಿಯ ಬಣ್ಣ ಬದಲಿಸತೊಡಗಿದ್ದರು.

ಇದನ್ನು ಅಂದೇ ಹೇಳಲು ಕಾರಣವಿತ್ತು. ಡಾಕ್ಟರು ಆಸ್ಪತ್ರೆಯನ್ನು ದೊಡ್ಡದು ಮಾಡಬೇಕೆಂದಿದ್ದರು. ಸರ್ಟಿಫಿಕೇಟು ಇಲ್ಲದವರನ್ನು ನರ್ಸ್ ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುವ ಧೈರ್ಯವಿಲ್ಲದೆ, ಧಾರವಾಡದ ಕಡೆಯ ನಿವೃತ್ತ ಮೇಟ್ರನ್ ಒಬ್ಬರನ್ನು ಕರೆಸುವುದೆಂದು ನಿಶ್ಚಯಿಸಿದ್ದರು. ಮೂರು ವಾರ ಬಿಟ್ಟು ಅವರು ಬಂದು ದೊಡ್ಡಕ್ಕನಿಂದ ಔಷಧದ ಬಾಟಲಿಯ ಚೀಟಿ ಓದಿಸಿ, ಕೆಲಸ ಮಾಡಿಸಿ ನೋಡುತ್ತಾರೆ. ಸರಿ ಎಂದರೆ ನರ್ಸು. ಇಲ್ಲವೆಂದರೆ ಬಿಳಿ ಸೀರೆ ಬಿಚ್ಚಿಟ್ಟು ಮತ್ತೆ ಆಯಾ.

"ಆಯಾ ಕೆಲಸ ಕಡಿಮೆದು ಅಂತ ಹೇಳೂದಲ್ಲ ತಂಗಿ," ದೊಡ್ಡಕ್ಕ ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚುತ್ತ ಹೇಳಿದರು. "ನಾನು ಅಲ್ಲಿಂದ್ಲೇ ಬಂದವ್ಳು. ಆದ್ರೆ ಊರಲ್ಲಿ ಬಸ್ಸಿಳಿದು ದಡದ ಮೇಲೆ ಹೋಗುವಾಗ ಮೀನು ಒಣಗಿಸೂ ಹೆಂಗಸ್ರು ಕೈ ನೀಡಿ, ಬಾಯಿ, ಈ ಗಾಯ ನೋಡಿ ಅಂತಾರೆ. ನಾಳೆ ಅವ್ರಿಗೆ ಎಂತ ಹೇಳೂದು?"

ಕುಮಟೆಯವಳು ನನ್ನತ್ತ ತಿರುಗಿದಳು. "ನಿನ್ನ ಸರ್ಟಿಫಿಕೇಟಿನ ಗಾಜಂತೂ ಒಡೆದಿದೆ. ಒಳಗಿನದ್ದನ್ನು ಸ್ವಲ್ಪ ಇವರಿಗೆ ಕೊಡು."

ಮರುದಿನದಿಂದ ಅದೇ ಮೇಜು ಶಾಲೆಯಾಯಿತು. ಬಟ್ಟೆಯ ಸುರುಳಿಗೆ ಸುತ್ತಿ ಬರುತ್ತಿದ್ದ ಕಾಗದದ ಮೇಲೆ, ಹುಣ್ಣಿಗೆ ಹಚ್ಚುವ ನೇರಳೆ ಔಷಧದಲ್ಲಿ ಹತ್ತಿಕಡ್ಡಿ ಅದ್ದಿ ಅಕ್ಷರ ಬರೆದುಕೊಟ್ಟೆ. ದೊಡ್ಡಕ್ಕ ತಮ್ಮದೇ ದಾರಿಯಲ್ಲಿ ಕಲಿತರು. ಜೆ ಎಂದರೆ ಗಾಳ. ಡಬ್ಲ್ಯೂ ಎಂದರೆ ಎರಡು ತೆರೆ. ಎ ಎಂದರೆ ಮಗುಚಿ ಹಾಕಿದ ದೋಣಿಗೆ ಕೊಟ್ಟ ಊರುಗೋಲು. ಹತ್ತು ದಿನಕ್ಕೆ ಕಪಾಟಿನ ಅರ್ಧ ಬಾಟಲಿಗಳನ್ನು ಎಡವುತ್ತ ಓದುವಂತಾದರು. ಬೆರಳ ತುದಿಯೆಲ್ಲ ನೇರಳೆ. ಡಾಕ್ಟರು ನೋಡಿ, "ಇದೇನು, ಯಾರಿಗೆ ಹುಣ್ಣು?" ಎಂದು ಕೇಳಿದರು.

ಅಕ್ಷರದ ಚಿಂತೆ ಕಡಿಮೆಯಾಗುತ್ತಿದ್ದಂತೆ ನನಗೆ ಹೊಸ ಚಿಂತೆ ಹುಟ್ಟಿತು. ನನ್ನ ತಲೆಯಲ್ಲಿ ಚಿಂತೆಗಳ ಮಂಚ ಖಾಲಿ ಉಳಿಯುವುದು ಕಡಿಮೆ. ದೊಡ್ಡಕ್ಕ ಬ್ಯಾಂಡೇಜಿನ ಸುರುಳಿಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ಎಡಗಾಲಿಗೆ ಕಟ್ಟುವಾಗ ಸುರುಳಿ ಬಲಗೈಯಲ್ಲಿರಬೇಕು, ಸುತ್ತು ಕಾಲಿನ ಒಳಬದಿಯಿಂದ ಹೊರಬದಿಗೆ ಹೋಗಬೇಕು ಎಂದು ನಮಗೆ ಹುಬ್ಬಳ್ಳಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ದೊಡ್ಡಕ್ಕ ಎಡಗಾಲಿಗೆ ಕಟ್ಟಿದರೆ ಹೊರಗಿನಿಂದ ಒಳಕ್ಕೆ ಬರುತ್ತಿತ್ತು. ಬಿಗಿಯಾಗಿ, ಚಂದವಾಗಿ, ಆದರೆ ಉಲ್ಟಾ. ಹಳೆಯ ಕಾಲದ ಮೇಟ್ರನ್‌ಬಾಯಿ ಇದನ್ನು ಬಿಟ್ಟಾರೆಯೇ?

"ನೀವು ಊಟ ಬಲಗೈಲಿ ಮಾಡ್ತೀರಲ್ಲ ದೊಡ್ಡಕ್ಕ, ಇದೆಂತಕ್ಕೆ ಎಡಗೈ?"

ಅವರು ತಮ್ಮ ಕೈಯನ್ನೇ ಆಗಷ್ಟೇ ಕಂಡವರಂತೆ ನೋಡಿಕೊಂಡರು. "ಅಪ್ಪ ಬಲೆ ಹೆಣೀತಿದ್ದ. ನಾನು ಎದುರಿಗೆ ಕೂತು ನೋಡಿ ನೋಡಿ ಕಲ್ತದ್ದು. ಅವನ ಬಲಗೈ ನನ್ನ ಎಡಗೈ ಎದ್ರಿಗೆ ಬರ್ತಿತ್ತು. ಹಾಗೇ ಕೂತ್ಕೊಂಡ್ತು. ಸುತ್ತೂದು, ಗಂಟು ಹಾಕೂದು ಎಲ್ಲ ಎಡಗೈಗೇ."

ನಾನು ಪಕ್ಕದಲ್ಲಿ ನಿಂತು ಬಲಗೈಯಲ್ಲಿ ತೋರಿಸಿದೆ. ಆಗಲಿಲ್ಲ. ಹಿಂದೆ ನಿಂತು ಅವರ ಕೈ ಹಿಡಿದು ತಿರುಗಿಸಿದೆ. ಸುರುಳಿ ಜಾರಿ ಬಿಚ್ಚುತ್ತ ಹೋಗಿ ವಾರ್ಡಿನ ಆಚೆ ತುದಿಯ ಮಂಚದಡಿ ಸೇರಿತು. ಮೂರನೆಯ ದಿನ ದೊಡ್ಡಕ್ಕನೇ ದಾರಿ ಕಂಡುಹಿಡಿದರು.

"ತಂಗಿ, ನನ್ನ ಕೈ ಎದುರಿಗೆ ಕೂತೇ ಕಲಿಯೂದು. ನೀನು ಎದುರಿಗೆ ಕೂತು ಎಡಗೈಲಿ ಮಾಡು. ನಂದು ಬಲಗೈ ಆಗ್ತದೆ."

ಹಾಗೇ ಮಾಡಿದೆವು. ಕಾಲು ಸಿಕ್ಕಿದ್ದು ಹಳದೀಪುರದ ತೆಂಗಿನಕಾಯಿ ಕೊಯ್ಯುವವನದು. ಊರಿನ ಎಲ್ಲ ಮರ ಹತ್ತಿ ಇಳಿದವನು ಬಸ್ಸಿನ ಮೆಟ್ಟಿಲು ಇಳಿಯುವಾಗ ಎಡಗಾಲು ಉಳುಕಿಸಿಕೊಂಡಿದ್ದ. ಆ ಅವಮಾನಕ್ಕೆ ಕಾಲಿನ ನೋವಿಗಿಂತ ಹೆಚ್ಚು ನರಳುತ್ತಿದ್ದ. ಎರಡು ದಿನಕ್ಕೊಮ್ಮೆ ಬರುತ್ತಿದ್ದ. ದೊಡ್ಡಕ್ಕ ಅವನ ಕಾಲಿಗೆ ಬಲಗೈಯಲ್ಲಿ ಕಟ್ಟುವುದು, ಎದುರಿಗೆ ನಾನು ಮರದ ಸ್ಟೂಲಿನ ಕಾಲಿಗೆ ಎಡಗೈಯಲ್ಲಿ ಕಟ್ಟುವುದು. ಅವನು ಬಾರದ ದಿನ ಇಬ್ಬರಿಗೂ ಒಂದೊಂದು ಸ್ಟೂಲು. ಕನ್ನಡಿಯಂತೆ ಇಬ್ಬರೂ ಸುತ್ತುತ್ತಿದ್ದೆವು, ಬಿಚ್ಚುತ್ತಿದ್ದೆವು, ಮತ್ತೆ ಸುತ್ತುತ್ತಿದ್ದೆವು.

"ಎಂತ ದೊಡ್ಡಕ್ಕ, ನನ್ನ ಕಾಲು ಶಾಲೆಯ ಪಾಟಿಯಾ? ಬರೆಯೂದು, ಒರೆಸೂದು?" ಎಂದು ಅವನು ಗೊಣಗಿದರೆ ದೊಡ್ಡಕ್ಕ, "ಸುಮ್ಗಿರಾ, ಪುಕ್ಕಟೆ ಚಾ ಕುಡೀಲಿಲ್ವಾ ನೀನು?" ಎನ್ನುತ್ತಿದ್ದರು. ವಾರದಲ್ಲಿ ಅವನ ಕಾಲು ವಾಸಿಯಾಯಿತು. ಚಹಾ ಸಿಗುತ್ತದೆಂದೋ, ದೊಡ್ಡಕ್ಕನ ಮೇಲಿನ ಪ್ರೀತಿಗೋ, ಅವನು ಕುಂಟುವುದನ್ನು ಬಿಡಲಿಲ್ಲ.

ಆ ದಿನ ಬಂತು. ಸ್ಟೋವು ಒಂದೇ ಕಡ್ಡಿಗೆ ಹತ್ತಿತು. ಸಿರಿಂಜುಗಳೆಲ್ಲ ಇಡಿಯಾಗಿ ಹೊರಬಂದವು. ಮೇಟ್ರನ್‌ಬಾಯಿಯ ಬಸ್ಸು ಹೇಳಿದ ಹೊತ್ತಿಗೇ ಬಂತು. ಕಾಗೆ ಬರಲಿಲ್ಲ. ಮೇಟ್ರನ್‌ಬಾಯಿ ನೋಡಲು ಸಣ್ಣ ಆಕೃತಿ, ಇಸ್ತ್ರಿ ಮುರಿಯದ ಸೀರೆ, ದನಿ ಮಾತ್ರ ಇಡೀ ವಾರ್ಡಿಗೆ ಸಾಲುವಷ್ಟು. ಡಾಕ್ಟರು ಅವರ ಹಿಂದೆ ತಮಗೇ ಪರೀಕ್ಷೆ ಎಂಬಂತೆ ಕೈಕಟ್ಟಿ ನಿಂತಿದ್ದರು.

ಮೇಟ್ರನ್‌ಬಾಯಿ ಕಪಾಟಿನಿಂದ ತಾವೇ ಮೂರು ಬಾಟಲಿ ಆರಿಸಿ ಮೇಜಿನ ಮೇಲಿಟ್ಟರು. "ಓದ್ರಿ ನೋಡೋಣ. ಗಡಿಬಿಡಿ ಏನಿಲ್ಲ."

ದೊಡ್ಡಕ್ಕ ಮೊದಲನೆಯದನ್ನು ಓದಿದರು. ಎರಡನೆಯದನ್ನು ಬೆರಳಿಟ್ಟು ಅಕ್ಷರ ಅಕ್ಷರ ಬಿಡಿಸಿ ಓದಿದರು. ಮೂರನೆಯದನ್ನು ಎತ್ತಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ಕುಮಟೆಯವಳು ನನ್ನ ಮೊಣಕೈ ಚಿವುಟಿ ಹಿಡಿದಳು. ಎರಡು ದಿನ ಆ ಗುರುತು ಇತ್ತು. ದೊಡ್ಡಕ್ಕ ಬಾಟಲಿಯನ್ನು ಮೂಗಿನ ಹತ್ತಿರ ಒಯ್ಯಲು ಹೋಗಿ, ತಡೆದು, ಮೇಜಿನ ಮೇಲೆ ಇಟ್ಟುಬಿಟ್ಟರು.

"ಇದನ್ನ ನಂಗೆ ಓದೂಕೆ ಬರೂದಿಲ್ಲ."

ದೊಡ್ಡಕ್ಕ ಬಾಟಲಿಯನ್ನು ಮೇಟ್ರನ್‌ಬಾಯಿಯ ಕಡೆಗೆ ಸರಿಸಿದರು.

"ಓದೂಕೆ ಬರದ್ದನ್ನ ನಾನು ರೋಗಿಗೆ ಕೊಡೂದಿಲ್ಲ. ಕೇಳ್ತೇನೆ. ಕೇಳೂಕೆ ಯಾರೂ ಇಲ್ದೇ ಇದ್ರೆ ಹಾಗೇ ಇಡ್ತೇನೆ."

ಮೇಟ್ರನ್‌ಬಾಯಿ ಬಾಟಲಿ ಎತ್ತಿಕೊಂಡು ಕನ್ನಡಕ ಹಾಕಿ ನೋಡಿದರು. ಕನ್ನಡಕ ತೆಗೆದು ನೋಡಿದರು. ಸ್ಪಿರಿಟ್ ಸೋರಿ ಚೀಟಿಯ ಅಕ್ಷರವೆಲ್ಲ ಕಲಸಿಹೋಗಿತ್ತು. "ನನಗೂ ಓದಾಕ ಆಗೂದಿಲ್ಲ," ಎಂದು ಡಾಕ್ಟರ ಕಡೆ ತಿರುಗಿದರು. "ಇದನ್ನ ಕಪಾಟಿನಾಗ ಯಾಕ ಇಟ್ಟೀರಿ? ಮೊದಲ ಹೊರಗ ಒಗೀರಿ." ಆಮೇಲೆ ದೊಡ್ಡಕ್ಕನಿಗೆ ದನಿ ತಗ್ಗಿಸಿ, "ಗೊತ್ತಿಲ್ಲ ಅನ್ನಾಕ ನನಗ ಹತ್ತು ವರ್ಷ ಹಿಡೀತು, ಬಾಯಿ" ಎಂದರು.

ಬ್ಯಾಂಡೇಜಿನ ಸರದಿ ಬಂತು. ತೆಂಗಿನಕಾಯಿ ಕೊಯ್ಯುವವನು ಬಾಗಿಲಿನಿಂದಲೇ ಎಷ್ಟು ಜೋರಾಗಿ ಕುಂಟಿಕೊಂಡು ಬಂದನೆಂದರೆ ಡಾಕ್ಟರು ಗಾಬರಿಯಾಗಿ ಕುರ್ಚಿ ಎಳೆದರು. ದೊಡ್ಡಕ್ಕ ಸುರುಳಿ ತೆಗೆದುಕೊಂಡರು. ಎಡಗೈಯಲ್ಲಿ. ಅವರು ಒಂದು ಗಳಿಗೆ ನಿಂತು, ನಾನು ಎಲ್ಲಿದ್ದೇನೆಂದು ತಲೆ ಎತ್ತಿ ನೋಡಿ, ಸುರುಳಿಯನ್ನು ಬಲಗೈಗೆ ದಾಟಿಸಿದರು. ಪಾದದಿಂದ ಮೇಲಕ್ಕೆ, ಒಳಗಿನಿಂದ ಹೊರಕ್ಕೆ, ಒಂದರ ಮೇಲೊಂದು ಅರ್ಧರ್ಧ ಮುಚ್ಚಿ ಸುತ್ತುಗಳು ಬಿದ್ದವು, ಪುಸ್ತಕದ ಚಿತ್ರದಂತೆ. ತುದಿಗೆ ಪಿನ್ನು. ಮೇಟ್ರನ್‌ಬಾಯಿ ಬೆರಳು ತೂರಿಸಿ ಬಿಗಿ ನೋಡಿದರು. "ಭಾಳ ಛಲೋ" ಎಂದರು.

ನನ್ನ ಹದಿನೆಂಟೂ ಚಿಂತೆಗಳು ಒಮ್ಮೆಗೇ ಮನೆಗೆ ಹೋದವು. ನಗು ಬಂತು. ಬಹುಶಃ ಅದು ಮೇಟ್ರನ್‌ಬಾಯಿಯ ಕಣ್ಣಿಗೆ ಬಿತ್ತು.

"ನೀವು ಹುಬ್ಬಳ್ಳಿಯಾಗ ಕಲ್ತವ್ರಲ್ಲ? ನೀವೂ ಇದ ಕಾಲಿಗೆ ಒಂದು ಕಟ್ರಿ. ಕಲ್ತವ್ರದು ಹ್ಯಾಂಗ ಇರತದ, ನೋಡೋಣ."

"ಇನ್ನೊಂದು ಸಲವಾ?" ಎಂದ ತೆಂಗಿನಕಾಯಿ ಕೊಯ್ಯುವವನು.

ನಾನು ಮಂಡಿಯೂರಿ ಕೂತೆ. ಮನಸ್ಸಿನಲ್ಲಿ ಯಾವ ಅಳುಕೂ ಇರಲಿಲ್ಲ. ನನ್ನ ಜನ್ಮದಲ್ಲಿ ಅಂಥ ಹೊತ್ತು ಬಂದದ್ದು ಅದೊಂದೇ. ಕೈ ತಾನಾಗಿ ಓಡಿತು. ಒಂದು ಸುತ್ತೂ ಸಡಿಲವಿಲ್ಲ, ಒಂದು ನೆರಿಗೆಯಿಲ್ಲ. ಪಿನ್ನು ಚುಚ್ಚಿ ತಲೆಯೆತ್ತಿದರೆ, ಕುಮಟೆಯವಳು ಬಾಯಿಗೆ ಸೆರಗು ತುರುಕಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಡಾಕ್ಟರು ತಲೆ ಎತ್ತಿ ಹೆಂಚಿನ ಮಾಡು ನೋಡುತ್ತಿದ್ದರು.

"ಎಡಗಾಲಿಗೆ ಎಡಗೈ," ಎಂದರು ಮೇಟ್ರನ್‌ಬಾಯಿ ನಿಧಾನವಾಗಿ. "ಹೊರಗಿನಿಂದ ಒಳಗ. ಇದನ್ನ ನಿಮಗ ಯಾರು ಕಲಿಸ್ಯಾರ?"

ದೊಡ್ಡಕ್ಕ ಒಂದು ಹೆಜ್ಜೆ ಮುಂದೆ ಬಂದರು.

"ನಾನೇ ಬಾಯಿ. ಹುಡುಗಿ ಒಳ್ಳೇದು, ಸ್ವಲ್ಪ ಹೆದರಿಕೆ ಜಾಸ್ತಿ. ಇನ್ನು ಮೂರು ವಾರ ನನ್ನ ಎದುರಿಗೆ ಕೂತ್ರೆ ಸರಿ ಆಗ್ತದೆ."

ಮೇಟ್ರನ್‌ಬಾಯಿ ಬರೆದಿಟ್ಟು ಹೋದ ಕಾಗದವನ್ನು ಡಾಕ್ಟರು ಮಧ್ಯಾಹ್ನ ಜಗುಲಿಗೇ ತಂದು, ಮೇಜಿನ ಹತ್ತಿರ ನಿಂತು ಓದಿದರು. ಹಿರಿಯ ನರ್ಸ್ ವಾರ್ಡಿನ ಎಲ್ಲ ಕೆಲಸಕ್ಕೂ ತಕ್ಕವರು, ಅವರನ್ನು ಹಾಗೆಯೇ ಮುಂದುವರಿಸತಕ್ಕದ್ದು ಎಂದಿತ್ತು. ದೊಡ್ಡಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಸೆಖೆ" ಎಂದರು. ಅದರ ಕೆಳಗೆ ಇನ್ನೊಂದು ಸಾಲಿತ್ತು. ಡಾಕ್ಟರು ಅದನ್ನು ಓದದೆ ಕಾಗದವನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು.

ದೊಡ್ಡಕ್ಕ ಅದನ್ನು ತಮ್ಮೆಡೆಗೆ ಎಳೆದುಕೊಂಡು, ಒಂದೊಂದೇ ಇಂಗ್ಲಿಷ್ ಅಕ್ಷರದ ಕೆಳಗೆ ನೇರಳೆ ಬೆರಳಿಟ್ಟು ಓದಿದರು. ಅರ್ಥವಾಗದ ಮಾತಿಗೆ ಕುಮಟೆಯವಳು ಅರ್ಥ ಹೇಳುತ್ತ ಹೋದಳು. ಕಿರಿಯ ನರ್ಸಿಗೆ ಬ್ಯಾಂಡೇಜು ಕಟ್ಟಲು ಬರುವುದಿಲ್ಲ. ಹಿರಿಯರಿಂದ ಕಲಿಯತಕ್ಕದ್ದು.

ಓದಿ ಮುಗಿಸಿ ಅವರು ಕತ್ತರಿಯನ್ನೂ ಬಟ್ಟೆಯ ಸುರುಳಿಯನ್ನೂ ನನ್ನ ಮುಂದೆ ಸರಿಸಿದರು.

"ಆತು ತಂಗಿ. ಈವತ್ತು ಸರದಿ ನಿಂದು. ಹೇಳು."